ಬಾಯಿಬಿಟ್ಟ ಬೇಸ್‌ಬಾಲ್ ಆಟಗಾರರು ಮತ್ತು ಸಂಬಳದ ಗುಟ್ಟು

2025ರ ಜುಲೈ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಫಿಲಡೆಲ್ಫಿಯಾ ಫಿಲೀಸ್ ತಂಡದ ಆಟಗಾರರನ್ನು ಕಾಣಲು ಅವರ ಕ್ಲಬ್‌ಹೌಸ್‌ಗೆ, ಅಂದರೆ ಆಟಗಾರರು ಬಟ್ಟೆ ಬದಲಿಸಿ ಕೂರುವ ಕೋಣೆಗೆ, ಹೋಗಿದ್ದರು. ಮೂವತ್ತೂ ತಂಡಗಳನ್ನು ಹೀಗೆ ವರ್ಷಕ್ಕೊಮ್ಮೆ ಭೇಟಿಯಾಗಿ ಮಾತಾಡಿಸುವುದು ಅವರ ರೂಢಿ. ಮಾತು ಆಟದ ಹಣಕಾಸಿನ ಕಡೆಗೆ ಹೊರಳಿದಾಗ ತಂಡದ ತಾರೆ ಬ್ರೈಸ್ ಹಾರ್ಪರ್, ಸಂಬಳಕ್ಕೆ ಮಿತಿ ಹಾಕುವ ವಿಚಾರ ಮಾತಾಡುವುದಾದರೆ ನಮ್ಮ ಕ್ಲಬ್‌ಹೌಸ್‌ನಿಂದ ಹೊರನಡೆಯಿರಿ ಎಂದು, ಅಚ್ಚು ಮಾಡಲಾಗದ ಪದವೊಂದನ್ನೂ ಸೇರಿಸಿ ಹೇಳಿದರು. ಕೆಲವೇ ದಿನಗಳಲ್ಲಿ ಸುದ್ದಿ ವರದಿಗಾರರ ಕೈಗೆ ಸಿಕ್ಕಿತು. ಆದರೆ ಮೊದಲು ಅದನ್ನು ಹೊರಗೆ ತಂದವರು ತಮ್ಮ ಹೆಸರು ಹಾಕಿಕೊಳ್ಳಲು ಒಪ್ಪದವರು.

ಇಂದಿನ ಬೇಸ್‌ಬಾಲ್ ಆಟಗಾರನಿಗೆ ಮಾತಾಡಲು ವೇದಿಕೆಗಳ ಕೊರತೆಯೇನೂ ಇಲ್ಲ. ತಮ್ಮದೇ ಪಾಡ್‌ಕಾಸ್ಟ್ ನಡೆಸುವವರಿದ್ದಾರೆ. ನಿವೃತ್ತಿಯ ಬೆನ್ನಿಗೇ 2014ರಲ್ಲಿ ಡೆರೆಕ್ ಜೀಟರ್ ಆರಂಭಿಸಿದ ‘ದಿ ಪ್ಲೇಯರ್ಸ್ ಟ್ರಿಬ್ಯೂನ್’ ಆಟಗಾರರ ಬರಹಗಳನ್ನು ಅವರ ಹೆಸರಿನಲ್ಲೇ ಪ್ರಕಟಿಸುತ್ತದೆ. ಇಷ್ಟಿದ್ದರೂ 1960 ಮತ್ತು 70ರ ದಶಕಗಳಲ್ಲಿ ಬಂದಂಥ ಪುಸ್ತಕ, ಅಂದರೆ ಇನ್ನೂ ಅಂಗಳದಲ್ಲಿರುವ ಆಟಗಾರನೊಬ್ಬ ತನ್ನ ತಂಡದ ಒಳಗನ್ನು ಹೆಸರು, ದಿನಾಂಕಗಳ ಸಮೇತ ಬರೆದು ಅಚ್ಚಿಗೆ ಕೊಡುವ ಪುಸ್ತಕ, ಇಂದು ಬಲು ಅಪರೂಪವಾಗಿದೆ. ಆಟಗಾರರು ಈಗ ಹುಷಾರಾಗಿದ್ದಾರೆ, ಪ್ರಾಯೋಜಕರಿಗೆ ಹೆದರುತ್ತಾರೆ ಎಂಬ ವಿವರಣೆ ಸುಲಭವಾಗಿ ಸಿಗುತ್ತದೆ. ಅದು ತಪ್ಪಲ್ಲವಾದರೂ ಸಾಲದು. ಆ ಹಳೆಯ ಪುಸ್ತಕಗಳನ್ನು ಮತ್ತೆ ಓದಿದಾಗ ಎದ್ದು ಕಾಣುವ ಸಂಗತಿ ಬೇರೆ: ಗುಲ್ಲೆದ್ದದ್ದು ಕುಡಿತ, ಹೆಣ್ಣು, ಮಾತ್ರೆಗಳ ಬಗ್ಗೆ, ಆದರೆ ಆಟದ ಚರಿತ್ರೆಯಲ್ಲಿ ಹೆಚ್ಚು ತೂಕದ್ದಾಗಿ ಉಳಿದದ್ದು ಯಾರಿಗೆ ಎಷ್ಟು ಸಂಬಳ, ಅದನ್ನು ಯಾರು, ಹೇಗೆ ಗೊತ್ತುಮಾಡುತ್ತಿದ್ದರು ಎಂಬ ವಿವರ.

ಅದಕ್ಕೂ ಮೊದಲು ಬೇಸ್‌ಬಾಲ್ ಆಟಗಾರರ ಹೆಸರಿನಲ್ಲಿ ಪುಸ್ತಕಗಳು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದವು, ಬರೆಯುತ್ತಿದ್ದವರು ಪತ್ರಕರ್ತರು, ಓದಬೇಕಾದವರು ಶಾಲೆಯ ಹುಡುಗರು, ಅವುಗಳಲ್ಲಿ ನಾಯಕ ಹಾಲು ಕುಡಿದು ಬೇಗ ಮಲಗುತ್ತಿದ್ದ. ಈ ಪದ್ಧತಿಯನ್ನು ಮೊದಲು ಮುರಿದವರು ಜಿಮ್ ಬ್ರಾಸ್ನನ್. ಕನ್ನಡಕ ಹಾಕಿ ಪುಸ್ತಕ ಓದುತ್ತ ಕೂರುತ್ತಿದ್ದ ಕಾರಣಕ್ಕೆ ಜೊತೆಗಾರರಿಂದ ‘ಪ್ರೊಫೆಸರ್’ ಎನಿಸಿಕೊಂಡಿದ್ದ ಈ ಪಿಚರ್ (ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವ ಆಟಗಾರ), 1959ರ ಋತುವಿನ ದಿನಚರಿಯನ್ನು ಯಾವ ಬಾಡಿಗೆ ಬರಹಗಾರನ ನೆರವೂ ಇಲ್ಲದೆ ತಾವೇ ಬರೆದು 1960ರಲ್ಲಿ ‘ದಿ ಲಾಂಗ್ ಸೀಸನ್’ ಎಂಬ ಹೆಸರಿನಲ್ಲಿ ಹೊರತಂದರು. ಋತುವಿನ ನಡುವೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವರನ್ನು ಸಿನ್ಸಿನಾಟಿ ರೆಡ್ಸ್‌ಗೆ ವರ್ಗಾಯಿಸಿತ್ತು. ಕಾರ್ಡಿನಲ್ಸ್‌ನ ಮ್ಯಾನೇಜರ್ ಸಾಲಿ ಹೀಮಸ್ ಬಗ್ಗೆ ಅವರಿಗಿದ್ದ ಅಭಿಪ್ರಾಯ ಪುಸ್ತಕದಲ್ಲಿ ಯಾವ ಮುಲಾಜೂ ಇಲ್ಲದೆ ಬಂದಿದೆ. ಇಂದು ಓದಿದರೆ ಅದರಲ್ಲಿ ಹಗರಣವೆನ್ನುವಂಥದ್ದು ಹೆಚ್ಚೇನೂ ಕಾಣುವುದಿಲ್ಲ. ಬೇಸರ, ಮಾರ್ಟಿನಿ, ವರ್ಗಾವಣೆಯ ಭಯ, ಮುಂದಿನ ವರ್ಷದ ಒಪ್ಪಂದದ ಚಿಂತೆ, ಅಷ್ಟೆ. ಅಷ್ಟಕ್ಕೇ ಶಿಕ್ಷೆಯಾಯಿತು. 1963ರಲ್ಲಿ ಅವರು ಸೇರಿದ ಶಿಕಾಗೊ ವೈಟ್ ಸಾಕ್ಸ್ ಋತುವಿನ ಅವಧಿಯಲ್ಲಿ ಅವರು ಏನನ್ನೂ ಪ್ರಕಟಿಸಕೂಡದೆಂದು ಪಟ್ಟುಹಿಡಿಯಿತು, ಒಪ್ಪದಿದ್ದಾಗ ಕೈಬಿಟ್ಟಿತು. ಬ್ರಾಸ್ನನ್ ಕ್ರೀಡಾಪತ್ರಿಕೆಯೊಂದರಲ್ಲಿ ಕೆಲಸ ಬೇಕಾಗಿದೆಯೆಂದು ಜಾಹೀರಾತು ಕೊಟ್ಟರೂ ಯಾವ ತಂಡವೂ ಕರೆಯಲಿಲ್ಲ, ಅವರ ಆಟ ಅಲ್ಲಿಗೇ ಮುಗಿಯಿತು.

ಹತ್ತು ವರ್ಷಗಳ ನಂತರ ಬಂದ ಜಿಮ್ ಬೌಟನ್ ಅವರ ‘ಬಾಲ್ ಫೋರ್’ ಇದೇ ದಿನಚರಿಯ ಜಾಡಿನಲ್ಲಿ ಹೊರಟು ಬಹಳ ದೂರ ಹೋಯಿತು. ಬೌಟನ್ ಒಂದು ಕಾಲದಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಉರಿವೇಗದ ಪಿಚರ್. 1963ರಲ್ಲಿ 21 ಪಂದ್ಯ, 1964ರಲ್ಲಿ 18 ಪಂದ್ಯ ಗೆದ್ದುಕೊಟ್ಟು, ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಇನ್ನೆರಡು ಗೆದ್ದವರು. 1965ರಲ್ಲಿ ತೋಳು ಕೈಕೊಟ್ಟಿತು. 1969ರ ಹೊತ್ತಿಗೆ ಅವರು, ಅದೇ ವರ್ಷ ಹುಟ್ಟಿ ಮರುವರ್ಷವೇ ಸಿಯಾಟಲ್ ತೊರೆದು ಮಿಲ್ವಾಕಿಗೆ ಹೋಗಲಿದ್ದ ಸಿಯಾಟಲ್ ಪೈಲಟ್ಸ್ ಎಂಬ ಬಡ ತಂಡದಲ್ಲಿ, ನಕಲ್‌ಬಾಲ್ ಎಂಬ ನಿಧಾನದ, ಎಸೆದವನಿಗೂ ಎತ್ತ ಹೋಗುತ್ತದೆಂದು ತಿಳಿಯದ ಎಸೆತವೊಂದನ್ನೇ ನಂಬಿಕೊಂಡು ಕೆಲಸ ಉಳಿಸಿಕೊಳ್ಳಲು ಹೆಣಗುತ್ತಿದ್ದರು. ಆ ವರ್ಷ ಒಮ್ಮೆ ಅವರನ್ನು ವ್ಯಾಂಕೂವರ್‌ನ ಮೈನರ್ ಲೀಗ್ ಎಂಬ ಕೆಳಹಂತದ ತಂಡಕ್ಕೆ ಇಳಿಸಲಾಯಿತು, ಮತ್ತೆ ಕರೆಸಲಾಯಿತು, ಆಗಸ್ಟ್‌ನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಕೊಡಲಾಯಿತು. ಹೋಟೆಲಿನ ಕಾಗದ, ಲಕೋಟೆ, ವಿಮಾನದಲ್ಲಿ ವಾಂತಿಗೆಂದು ಇಟ್ಟಿರುವ ಚೀಲ, ಹೀಗೆ ಕೈಗೆ ಸಿಕ್ಕಿದ್ದರ ಮೇಲೆ ಟಿಪ್ಪಣಿ ಗೀಚಿಕೊಂಡು, ರಾತ್ರಿ ಅದನ್ನು ಟೇಪಿಗೆ ಓದಿ, ಪತ್ರಕರ್ತ ಗೆಳೆಯ ಲೆನರ್ಡ್ ಶೆಕ್ಟರ್‌ಗೆ ಕಳಿಸುತ್ತಿದ್ದರು. ಇಬ್ಬರೂ ಸೇರಿ ತಿದ್ದಿದ ಆ ದಿನಚರಿಯ ಆಯ್ದ ಭಾಗಗಳು 1970ರಲ್ಲಿ ‘ಲುಕ್’ ಪತ್ರಿಕೆಯಲ್ಲಿ ಬಂದದ್ದೇ ತಡ, ಬಿರುಗಾಳಿ ಎದ್ದಿತು.

ಬಿರುಗಾಳಿಗೆ ಕಾರಣಗಳು ಗೊತ್ತಿರುವವೇ. ಅಮೆರಿಕದ ಹುಡುಗರ ಆರಾಧ್ಯದೈವ ಮಿಕಿ ಮ್ಯಾಂಟಲ್ ರಾತ್ರಿಯ ಕುಡಿತದ ಅಮಲು ಇಳಿಯದೆಯೇ ಬ್ಯಾಟ್ ಹಿಡಿದು ಹೋಮ್‌ರನ್ ಹೊಡೆದದ್ದು; ಆಟಗಾರರು ಹೋಟೆಲಿನ ಮಾಳಿಗೆಗಳಿಂದ ಹೆಂಗಸರ ಕಿಟಕಿಗಳಲ್ಲಿ ಇಣುಕುತ್ತಿದ್ದದ್ದು; ‘ಗ್ರೀನೀಸ್’ ಎಂಬ ಆಂಫೆಟಮಿನ್ ಮಾತ್ರೆಗಳನ್ನು ಪಂದ್ಯಕ್ಕೆ ಮುನ್ನ ನುಂಗುತ್ತಿದ್ದದ್ದು. ಅಂಕಣಕಾರ ಡಿಕ್ ಯಂಗ್ ಬೌಟನ್ ಮತ್ತು ಶೆಕ್ಟರ್ ಇಬ್ಬರನ್ನೂ ಸಮಾಜದ ಕುಷ್ಠರೋಗಿಗಳೆಂದು ಬರೆದರು. ಸ್ಯಾನ್ ಡಿಯೇಗೊ ಪಾಡ್ರೆಸ್ ಆಟಗಾರರು ಪುಸ್ತಕದ ಪ್ರತಿಯೊಂದನ್ನು ಸುಟ್ಟು ಅದರ ಬೂದಿಯನ್ನು ಎದುರಾಳಿಗಳ ಕ್ಲಬ್‌ಹೌಸ್‌ನಲ್ಲಿ ಬೌಟನ್ ಕಣ್ಣಿಗೆ ಬೀಳುವಂತೆ ಇಟ್ಟರು. ಕಮಿಷನರ್ ಬೋವಿ ಕೂನ್ ಅವರನ್ನು ಕಚೇರಿಗೆ ಕರೆಸಿ, ಬರೆದದ್ದು ನಿಜವಲ್ಲ ಎಂಬ ಹೇಳಿಕೆಗೆ ಸಹಿ ಹಾಕಿಸಲು ನೋಡಿದರು. ಬೌಟನ್ ಒಬ್ಬರೇ ಹೋಗಿರಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥ, ಉಕ್ಕು ಕಾರ್ಮಿಕರ ಸಂಘಟನೆಯಿಂದ ಬಂದಿದ್ದ ಮಾರ್ವಿನ್ ಮಿಲ್ಲರ್ ಪಕ್ಕದಲ್ಲಿದ್ದರು. ಸಹಿ ಬೀಳಲಿಲ್ಲ. ಕೂನ್ ಮಾಡಿದ ಈ ಉಪಕಾರಕ್ಕಿಂತ ದೊಡ್ಡ ಪ್ರಚಾರ ಯಾವ ಪ್ರಕಾಶಕನಿಗೂ ಸಿಕ್ಕಿರಲಾರದು. ಸಣ್ಣ ಮೊದಲ ಮುದ್ರಣದೊಂದಿಗೆ ಶುರುವಾದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮುಂದೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಶತಮಾನದ ಪುಸ್ತಕಗಳ ಪಟ್ಟಿ ಮಾಡಿದಾಗ ಅದಕ್ಕೂ ಅಲ್ಲೊಂದು ಜಾಗ ಸಿಕ್ಕಿತು.

ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆಂಫೆಟಮಿನ್ ಮಾತ್ರೆಯ ವಿಷಯ 1970ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಮೇಜರ್ ಲೀಗ್ ಅದಕ್ಕಾಗಿ ಆಟಗಾರರನ್ನು ಪರೀಕ್ಷೆಗೊಳಪಡಿಸಲು ಆರಂಭಿಸಿದ್ದು 2006ರಲ್ಲಿ. ಅಂದರೆ ಮಾಲೀಕರಿಗೆ ಮಾತ್ರೆಯ ಬಗ್ಗೆ ಹೇಳುವಂಥ ಆತಂಕವೇನೂ ಇರಲಿಲ್ಲ. ಪುಸ್ತಕದಲ್ಲಿ ಇನ್ನೊಂದು ಎಳೆ ಇತ್ತು, ಪತ್ರಿಕೆಗಳು ಅದನ್ನು ಅಷ್ಟಾಗಿ ಎತ್ತಿಕೊಳ್ಳಲಿಲ್ಲ: ಬೌಟನ್ ತಮ್ಮ ಪ್ರತಿ ವರ್ಷದ ಸಂಬಳದ ಮಾತುಕತೆಯನ್ನು ಅಂಕಿ ಸಮೇತ ಬರೆದಿದ್ದರು. 21 ಪಂದ್ಯ ಗೆದ್ದ ವರ್ಷದ ನಂತರ ಅವರು ಕೇಳಿದ್ದು 20,000 ಡಾಲರ್. ಯಾಂಕೀಸ್‌ನ ಜನರಲ್ ಮ್ಯಾನೇಜರ್ ಆಗಿದ್ದ ರಾಲ್ಫ್ ಹೌಕ್ ಕೊಡುತ್ತೇನೆಂದದ್ದು 18,500. ಸಹಿ ಮಾಡದೆ ಕಳೆದ ಪ್ರತಿ ದಿನಕ್ಕೂ ನೂರು ಡಾಲರ್ ಕಡಿಯುತ್ತೇನೆಂಬ ಬೆದರಿಕೆ ಅದರ ಜೊತೆಗೆ. ಬೌಟನ್ ಸಹಿ ಹಾಕಿದರು. ಹಾಕದೆ ಬೇರೆ ದಾರಿ ಇರಲಿಲ್ಲ, ಯಾಕೆಂದರೆ ಒಪ್ಪಂದದಲ್ಲಿದ್ದ ‘ರಿಸರ್ವ್ ಕ್ಲಾಸ್’ ಎಂಬ ಷರತ್ತಿನ ಪ್ರಕಾರ, ಅವಧಿ ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ತಂಡದಲ್ಲೇ ಉಳಿಯುತ್ತಿತ್ತು. ತಂಡ ಅವನನ್ನು ಮಾರಬಹುದು, ಇಳಿಸಬಹುದು, ಮನೆಗೆ ಕಳಿಸಬಹುದು. ಅವನು ಮಾತ್ರ ಇನ್ನೊಂದು ತಂಡದ ಬಾಗಿಲು ತಟ್ಟುವಂತಿಲ್ಲ.

ಈ ವ್ಯವಸ್ಥೆ ಅಷ್ಟು ಕಾಲ ನಡೆದದ್ದರ ಹಿಂದೆ ಕಾನೂನಿನ ಬೆಂಬಲ ಎಷ್ಟಿತ್ತೋ ಆಟಗಾರರ ಸಂಕೋಚವೂ ಅಷ್ಟೇ ಇತ್ತು. ಸಂಬಳ ಎಷ್ಟೆಂದು ಪಕ್ಕದವನಿಗೆ ಹೇಳುವುದು ಮರ್ಯಾದೆಯಲ್ಲ ಎಂಬ ಭಾವನೆಯನ್ನು ತಂಡಗಳು ಜತನದಿಂದ ಬೆಳೆಸಿದ್ದವು. ಇಂಥ ಸಭ್ಯತೆಯಿಂದ ಲಾಭ ಯಾವ ಕಡೆಗೆ ಹರಿಯುತ್ತದೆಂದು ನಮ್ಮಲ್ಲಿ ಕಚೇರಿ ಕೆಲಸ ಮಾಡಿದ ಯಾರಿಗಾದರೂ ಬಿಡಿಸಿ ಹೇಳಬೇಕಾಗಿಲ್ಲ. 1967ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ವಾರ್ಷಿಕ ಸಂಬಳ 6,000 ಡಾಲರ್ ಆಗಿತ್ತು; ಮಿಲ್ಲರ್ ಮಾಡಿಸಿದ ಮೊದಲ ಸಾಮೂಹಿಕ ಒಪ್ಪಂದದಿಂದ 1968ರಲ್ಲಿ ಅದು 10,000 ಆಯಿತು. ಕ್ಲಬ್‌ಹೌಸ್‌ನ ಗೋಡೆಗಳ ಮೇಲೆ, ಇಲ್ಲಿ ಕಂಡದ್ದು ಕೇಳಿದ್ದು ಇಲ್ಲೇ ಇರಲಿ ಎಂಬ ಅರ್ಥದ ಫಲಕ ತೂಗುತ್ತಿದ್ದದ್ದು ಆಟಗಾರರ ಸಂಸಾರಗಳನ್ನು ಕಾಪಾಡಲು ಎಂದು ಎಲ್ಲರೂ ನಂಬಿದ್ದರು. ಅದು ಮಾಲೀಕರ ಲೆಕ್ಕದ ಪುಸ್ತಕವನ್ನೂ ಕಾಪಾಡುತ್ತಿತ್ತು. ಬೌಟನ್ ಮೇಲೆ ಸಿಟ್ಟಾದ ಆಟಗಾರರಲ್ಲಿ ಬಹಳಷ್ಟು ಜನ, ಅದೇ ಪುಸ್ತಕದ ಸಂಬಳದ ಪುಟಗಳು ತಮ್ಮ ಪರವಾಗಿಯೇ ಇದ್ದವೆಂಬುದನ್ನು ಗಮನಿಸಲಿಲ್ಲ.

ಈ ವ್ಯವಸ್ಥೆಯನ್ನು ಎದುರಿಸಿ ನಿಂತ ಒಬ್ಬರೆಂದರೆ ಕರ್ಟ್ ಫ್ಲಡ್. ಕಾರ್ಡಿನಲ್ಸ್‌ನ ಸೆಂಟರ್ ಫೀಲ್ಡರ್, ಶ್ರೇಷ್ಠ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಏಳು ಬಾರಿ ಪಡೆದವರು, 1969ರಲ್ಲಿ 90,000 ಡಾಲರ್ ಸಂಬಳದ ಕಪ್ಪು ಆಟಗಾರ. ಆ ಅಕ್ಟೋಬರ್‌ನಲ್ಲಿ ತಂಡ ಅವರನ್ನು ಕೇಳದೆಯೇ ಫಿಲಡೆಲ್ಫಿಯಾಗೆ ವರ್ಗಾಯಿಸಿದಾಗ, ನನ್ನ ಇಚ್ಛೆಯನ್ನು ಲೆಕ್ಕಿಸದೆ ಕೊಂಡು ಮಾರುವ ಆಸ್ತಿ ನಾನಲ್ಲ ಎಂದು ಡಿಸೆಂಬರ್ 24ರಂದು ಕೂನ್‌ಗೆ ಪತ್ರ ಬರೆದು, ನ್ಯಾಯಾಲಯಕ್ಕೆ ಹೋದರು. ವಿಚಾರಣೆಯಲ್ಲಿ ಜಾಕಿ ರಾಬಿನ್ಸನ್, ಹ್ಯಾಂಕ್ ಗ್ರೀನ್‌ಬರ್ಗ್ ಅಂಥ ಹಿರಿಯರು ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದವರಲ್ಲಿ ಒಬ್ಬನೂ ಕೋರ್ಟಿನಲ್ಲಿ ಬಂದು ಕೂರಲಿಲ್ಲ. 1971ರಲ್ಲಿ, ಪ್ರಕರಣ ಇನ್ನೂ ನಡೆಯುತ್ತಿದ್ದಾಗ, ರಿಚರ್ಡ್ ಕಾರ್ಟರ್ ನೆರವಿನೊಂದಿಗೆ ಅವರ ‘ದಿ ವೇ ಇಟ್ ಈಸ್’ ಪ್ರಕಟವಾಯಿತು.

ಬೌಟನ್ ಪುಸ್ತಕ ನಗಿಸುತ್ತದೆ, ಫ್ಲಡ್ ಪುಸ್ತಕ ನಗಿಸುವುದಿಲ್ಲ. ಅದರ ಒಂದು ದೃಶ್ಯ: ದಕ್ಷಿಣದ ರಾಜ್ಯವೊಂದರ ಮೈನರ್ ಲೀಗ್, ಒಂದೇ ದಿನ ಎರಡು ಪಂದ್ಯ. ಮೊದಲ ಪಂದ್ಯ ಮುಗಿದು ಎಲ್ಲರೂ ಬೆವರಿದ ಸಮವಸ್ತ್ರಗಳನ್ನು ಕಳಚಿ ನೆಲದ ಮೇಲೆ ರಾಶಿ ಹಾಕುತ್ತಾರೆ, ಹದಿಹರೆಯದ ಫ್ಲಡ್ ಕೂಡ ತನ್ನದನ್ನು ಅದೇ ರಾಶಿಗೆ ಎಸೆಯುತ್ತಾನೆ. ಬಟ್ಟೆ ನೋಡಿಕೊಳ್ಳುವವನು ಉದ್ದನೆಯ ಕೋಲೊಂದನ್ನು ತಂದು, ಅವನ ಬಟ್ಟೆಯನ್ನಷ್ಟೇ ರಾಶಿಯಿಂದ ಕೋಲಿನ ತುದಿಯಲ್ಲಿ ಎತ್ತಿ, ಕಪ್ಪು ಜನರ ಬಟ್ಟೆ ಒಗೆಯುವ ಅಂಗಡಿಗೆ ಬೇರೆಯಾಗಿ ಕಳಿಸುತ್ತಾನೆ. ಉಳಿದವರು ಎರಡನೆಯ ಪಂದ್ಯಕ್ಕೆ ಇಳಿಯುವಾಗ ಹುಡುಗ ತನ್ನ ಬಟ್ಟೆ ಬರುವವರೆಗೆ ಬೆತ್ತಲೆಯಾಗಿ ಕಾಯುತ್ತ ಕುಳಿತಿರುತ್ತಾನೆ. ಹೀಗೆ ಬೆಳೆದವನು, 90,000 ಡಾಲರ್ ಪಡೆಯುವ ಗುಲಾಮನೂ ಗುಲಾಮನೇ ಎಂಬರ್ಥದ ಮಾತಾಡಿದಾಗ ದೇಶದ ಕ್ರೀಡಾಪುಟಗಳು ಕೃತಘ್ನನೆಂದು ಜರೆದವು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯ 5–3ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ ಆ ತೀರ್ಪಿನ ಮೊದಲ ಭಾಗ ಬೇಸ್‌ಬಾಲ್‌ನ ಸ್ತುತಿಪಾಠ, ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ನಾಮಾವಳಿ ಬೇರೆ. ಕಾನೂನಿನ ಇತಿಹಾಸದಲ್ಲಿ ಇಷ್ಟು ಮುಜುಗರ ತರುವ ಮುನ್ನುಡಿ ಕಡಿಮೆ ಎಂದೇ ನನ್ನ ಅಭಿಪ್ರಾಯ. ಷರತ್ತು ಮುರಿದದ್ದು 1975ರ ಡಿಸೆಂಬರ್‌ನಲ್ಲಿ, ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪ್ರಕರಣದಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಜ್ ಕೊಟ್ಟ ತೀರ್ಪಿನಿಂದ. ಅಷ್ಟರಲ್ಲಿ ಫ್ಲಡ್ ಆಟದಿಂದ ಹೊರಗಿದ್ದರು.

ಫ್ಲಡ್‌ಗೆ ಬದಲಾಗಿ ಫಿಲಡೆಲ್ಫಿಯಾದಿಂದ ಬಂದವರು ಡಿಕ್ ಆಲನ್. ಆ ಊರಿನಲ್ಲಿ ಪ್ರೇಕ್ಷಕರು ಎಸೆಯುವ ವಸ್ತುಗಳಿಂದ ತಪ್ಪಿಸಿಕೊಳ್ಳಲು ಫೀಲ್ಡಿಂಗ್ ಮಾಡುವಾಗಲೂ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವರು. 1969ರಲ್ಲಿ ಫಸ್ಟ್ ಬೇಸ್‌ನ ಮಣ್ಣಿನಲ್ಲಿ ಕಾಲಿನಿಂದ ಪದಗಳನ್ನು ಗೀಚತೊಡಗಿದಾಗ ಕೂನ್ ನಿಲ್ಲಿಸಲು ಹೇಳಿದರು; ಆಲನ್ ಮುಂದೆ ಅಲ್ಲಿ ಬರೆದದ್ದು ‘ಏಕೆ’ ಎಂಬ ಪ್ರಶ್ನೆ. ಅವರ ಆತ್ಮಕಥೆ ‘ಕ್ರ್ಯಾಶ್’ 1989ರಲ್ಲಿ ಬಂತು. ಹಾಲ್ ಆಫ್ ಫೇಮ್‌ಗೆ ಅವರು ಆಯ್ಕೆಯಾದದ್ದು 2024ರ ಡಿಸೆಂಬರ್‌ನಲ್ಲಿ, ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ.

ಇಂಥ ಪುಸ್ತಕಗಳನ್ನು ಬರೆದವರ ಸಾಲಿನಲ್ಲಿ ಪಿಚರ್‌ಗಳೇ, ಅದರಲ್ಲೂ ಪಂದ್ಯದ ಕೊನೆಯ ಭಾಗದಲ್ಲಿ ಕರೆ ಬರುವವರೆಗೆ ಬುಲ್‌ಪೆನ್‌ನಲ್ಲಿ ಗಂಟೆಗಟ್ಟಲೆ ಕೂರುವ ರಿಲೀಫ್ ಪಿಚರ್‌ಗಳೇ ಹೆಚ್ಚು ಕಾಣುವುದು ಆಕಸ್ಮಿಕವಲ್ಲ. ಬ್ರಾಸ್ನನ್, 1969ರ ಬೌಟನ್, 1979ರಲ್ಲಿ ‘ದಿ ಬ್ರಾಂಕ್ಸ್ ಜೂ’ ಬರೆದ ಸ್ಪಾರ್ಕಿ ಲೈಲ್, ಎಲ್ಲರೂ ಅಲ್ಲಿ ಕುಳಿತವರೇ. ನೋಡಲು ಸಮಯವಿರುತ್ತದೆ, ಕೇಳಲು ಹರಟೆಯಿರುತ್ತದೆ, ನಾಳೆ ಕೆಲಸವಿರುತ್ತದೋ ಇಲ್ಲವೋ ಎಂಬ ಅನುಮಾನವೂ ಇರುತ್ತದೆ. ಲೈಲ್ 1977ರಲ್ಲಿ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರೂ, ಮುಂದಿನ ಋತುವಿಗೆ ಯಾಂಕೀಸ್ ಗೂಸ್ ಗಾಸೆಜ್‌ರನ್ನು ತಂದು ಅವರನ್ನು ಹಿಂದಕ್ಕೆ ಸರಿಸಿತು. ಪುಸ್ತಕ ಹುಟ್ಟಿದ್ದು ಆ ಹಿಂಬಡ್ತಿಯ ವರ್ಷದಲ್ಲಿ. ಮ್ಯಾಂಟಲ್‌ನಂಥ ತಾರೆಯೊಬ್ಬ ಇಂಥ ಪುಸ್ತಕ ಬರೆಯುವುದನ್ನು ಊಹಿಸಿಕೊಳ್ಳಲೂ ಆಗದು. ತಾರೆಗೆ ಕಳೆದುಕೊಳ್ಳುವುದು ಬಹಳ ಇರುತ್ತದೆ, ಹೊಸಬನಿಗೆ ಹೇಳುವುದು ಏನೂ ಇರುವುದಿಲ್ಲ. ನಡುವಿನಲ್ಲಿ, ಒಂದು ಕಾಲು ಹೊಸ್ತಿಲಾಚೆ ಇಟ್ಟವನೇ ಬರೆಯುತ್ತಾನೆ.

ಆದರೆ ಮುಚ್ಚುಮರೆಯಿಲ್ಲದೆ ಬರೆದದ್ದೆಲ್ಲ ನಿಜವೆಂದು ನಂಬಬೇಕಾಗಿಲ್ಲ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಡಾಕ್ ಎಲ್ಲಿಸ್ 1970ರ ಜೂನ್ 12ರಂದು ಪಾಡ್ರೆಸ್ ವಿರುದ್ಧ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. ಎಸೆತ ಗುರಿತಪ್ಪಿ ಎಂಟು ಜನರಿಗೆ ವಾಕ್, ಅಂದರೆ ಪುಕ್ಕಟೆಯಾಗಿ ಮೊದಲ ಬೇಸ್, ಕೊಟ್ಟರೆಂಬುದು ಬೇರೆ ಮಾತು. ಕವಿ ಡೊನಾಲ್ಡ್ ಹಾಲ್ ಅವರೊಂದಿಗೆ ಸೇರಿ 1976ರಲ್ಲಿ ತಂದ ಪುಸ್ತಕದಲ್ಲಿ ಅಂದು ವೋಡ್ಕಾ ಕುಡಿದಿದ್ದರೆಂದು ಇದೆ. 1980ರ ದಶಕದಲ್ಲಿ ಎಲ್ಲಿಸ್ ಅದು ಎಲ್‌ಎಸ್‌ಡಿ ಆಗಿತ್ತೆಂದು ಬಹಿರಂಗವಾಗಿ ಹೇಳಿದರು, 1989ರ ಆವೃತ್ತಿಯಲ್ಲಿ ಹಾಲ್ ಅದನ್ನು ಸರಿಪಡಿಸಿದರು. ಮೊದಲ ಆವೃತ್ತಿ ಬಂದಾಗ ಎಲ್ಲಿಸ್ ಯಾಂಕೀಸ್‌ನಲ್ಲಿ ಸಂಬಳಕ್ಕಿದ್ದ ಆಟಗಾರ. ಎರಡನೆಯದರ ಹೊತ್ತಿಗೆ ಆಟ ಬಿಟ್ಟು, ವ್ಯಸನಿಗಳಿಗೆ ಸಲಹೆ ಕೊಡುವ ಕೆಲಸ ಹಿಡಿದಿದ್ದರು. ಒಂದೇ ಸಂಜೆಗೆ ಎರಡು ಪಾಠಗಳು, ಎರಡಕ್ಕೂ ಲೇಖಕರು ಅವರೇ. ಒಪ್ಪಂದ ಜೀವಂತವಾಗಿದ್ದಾಗ ಎಷ್ಟು ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. 2003ರಲ್ಲಿ ಡೇವಿಡ್ ವೆಲ್ಸ್, 1998ರ ತಮ್ಮ ಪರ್ಫೆಕ್ಟ್ ಗೇಮ್ (ಎದುರಾಳಿಗಳಲ್ಲಿ ಒಬ್ಬನನ್ನೂ ಬೇಸ್ ತಲುಪಲು ಬಿಡದ ಪಂದ್ಯ) ಆಡುವಾಗ ಅರೆಬರೆ ಅಮಲಿನಲ್ಲಿದ್ದೆನೆಂದು ಬರೆದರು. ಪುಸ್ತಕದ ಕರಡು ಹೊರಬಿದ್ದ ಕೂಡಲೇ ಯಾಂಕೀಸ್ ಅವರಿಗೆ 1,00,000 ಡಾಲರ್ ದಂಡ ಹಾಕಿತು.

ಹೋಸೆ ಕ್ಯಾನ್ಸೆಕೊ ಪ್ರಕರಣ ಇದಕ್ಕೆ ತಿರುಗುಮುರುಗು. 1988ರಲ್ಲಿ ಒಂದೇ ಋತುವಿನಲ್ಲಿ 40 ಹೋಮ್‌ರನ್ ಹೊಡೆದು 40 ಬೇಸ್ ಕದ್ದ ಮೊದಲಿಗ, 2005ರ ‘ಜ್ಯೂಸ್ಡ್’ನಲ್ಲಿ ತಾನೂ ತನ್ನ ಜೊತೆಗಾರರೂ ಸ್ಟೀರಾಯ್ಡ್ ಚುಚ್ಚಿಕೊಂಡದ್ದನ್ನು ಹೆಸರು ಹಿಡಿದು ಬರೆದರು. ಬಡಾಯಿ, ಸೇಡು, ಹಣದ ಆಸೆ ಪುಟಪುಟದಲ್ಲೂ ಕಾಣುವ, ಸ್ಟೀರಾಯ್ಡ್‌ನ್ನು ಹೊಗಳುವವರೆಗೂ ಹೋಗುವ ಆ ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಜನ ಸಿದ್ಧರಿರಲಿಲ್ಲ. ಮಾರ್ಚ್ 17ರಂದು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ರಫೇಲ್ ಪಾಲ್ಮೇರೊ ಬೆರಳು ಚಾಚಿ ನಿರಾಕರಿಸಿದರು. ಮಾರ್ಕ್ ಮೆಗ್ವಾಯರ್ ಹಳೆಯದನ್ನು ಮಾತಾಡಲು ಬಂದಿಲ್ಲವೆಂದು ಜಾರಿಕೊಂಡರು. ಅದೇ ಆಗಸ್ಟ್‌ನಲ್ಲಿ ಪಾಲ್ಮೇರೊ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅಮಾನತಾದರು, 2010ರಲ್ಲಿ ಮೆಗ್ವಾಯರ್ ಒಪ್ಪಿಕೊಂಡರು. ಲೇಖಕನ ಚಾರಿತ್ರ್ಯಕ್ಕೂ ಅವನು ಹೇಳಿದ್ದರ ಸತ್ಯಕ್ಕೂ ಸಂಬಂಧ ಕಲ್ಪಿಸಿದ ಪತ್ರಕರ್ತರು ಇಲ್ಲಿ ಎಡವಿದರು. ಆದರೂ ‘ಬಾಲ್ ಫೋರ್’ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ, ಮಾಹಿತಿ ಕೊಡುವ ಪುಸ್ತಕಕ್ಕೂ ಬದುಕನ್ನು ಕಾಣಿಸುವ ಪುಸ್ತಕಕ್ಕೂ ಇರುವ ಅಂತರ ತಿಳಿಯುತ್ತದೆ. ಕ್ಯಾನ್ಸೆಕೊ ಬರೆದದ್ದು ದೂರು. ಬೌಟನ್ ತಮ್ಮನ್ನೂ ನಗೆಪಾಟಲಿಗೆ ಒಡ್ಡಿಕೊಂಡಿದ್ದರು.

ಬಾಯಿಬಿಟ್ಟವರು ತೆತ್ತ ಬೆಲೆಯೂ ಒಂದೇ ಬಗೆಯದಲ್ಲ. ಬೌಟನ್‌ರನ್ನು ಹಳೆಯ ಆಟಗಾರರ ವಾರ್ಷಿಕ ಪಂದ್ಯಕ್ಕೆ ಯಾಂಕೀಸ್ 1998ರವರೆಗೆ ಕರೆಯಲಿಲ್ಲ. ಹಿಂದಿನ ವರ್ಷ ಕಾರು ಅಪಘಾತದಲ್ಲಿ ತಂಗಿಯನ್ನು ಕಳೆದುಕೊಂಡಿದ್ದ ಅವರ ಮಗ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದ ಮೇಲಷ್ಟೇ ಕರೆ ಬಂತು. ಬಿಲ್ ಲೀ, ಎಡಗೈ ಪಿಚರ್, ‘ಸ್ಪೇಸ್‌ಮನ್’ ಎಂದೇ ಹೆಸರುವಾಸಿ, 1982ರ ಮೇ ತಿಂಗಳಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ತಮ್ಮ ಜೊತೆಗಾರ ರಾಡ್ನಿ ಸ್ಕಾಟ್‌ರನ್ನು ಕೈಬಿಟ್ಟದ್ದನ್ನು ಪ್ರತಿಭಟಿಸಿ ಪಂದ್ಯದ ಹೊತ್ತಿನಲ್ಲಿ ಹೊರನಡೆದು ಬಾರೊಂದರಲ್ಲಿ ಬಿಲಿಯರ್ಡ್ಸ್ ಆಡುತ್ತ ಕೂತರು. ಮರುದಿನ ಅವರನ್ನೂ ಕೈಬಿಟ್ಟರು. 119 ಪಂದ್ಯ ಗೆದ್ದ ಪಿಚರ್‌ಗೆ ಇನ್ನೊಂದು ತಂಡ ಸಿಗಲಿಲ್ಲ. ಗ್ಲೆನ್ ಬರ್ಕ್‌ಗೆ ಪುಸ್ತಕ ಬರೆಯುವ ಮುಂಚೆಯೇ ಶಿಕ್ಷೆಯಾಗಿತ್ತು. ಸಲಿಂಗಿಯೆಂಬ ಗುಸುಗುಸು ಹಬ್ಬಿದಾಗ, ಮದುವೆಯಾದರೆ ಮಧುಚಂದ್ರಕ್ಕೆ 75,000 ಡಾಲರ್ ಕೊಡುವುದಾಗಿ ಲಾಸ್ ಏಂಜಲೀಸ್ ಡಾಜರ್ಸ್‌ನ ಅಧಿಕಾರಿ ಅಲ್ ಕಂಪಾನಿಸ್ ಹೇಳಿದರೆಂದು ಅವರು ಬರೆದಿದ್ದಾರೆ. ಅವರು ಒಪ್ಪಲಿಲ್ಲ, 1978ರಲ್ಲಿ ಓಕ್‌ಲ್ಯಾಂಡ್‌ಗೆ ವರ್ಗವಾಯಿತು, 1980ರ ಹೊತ್ತಿಗೆ ಆಟ ಮುಗಿದಿತ್ತು. ಆತ್ಮಕಥೆ ಬಂದದ್ದು 1995ರಲ್ಲಿ, ಏಡ್ಸ್‌ನಿಂದ ಅವರು ತೀರಿಕೊಂಡ ವರ್ಷ.

ಹಾಗಾದರೆ ಇಂದಿನ ಮೌನಕ್ಕೆ ಏನು ಕಾರಣ? ಮೊದಲನೆಯದಾಗಿ, ಮೇಜರ್ ಲೀಗ್‌ನಲ್ಲಿ ಸಂಬಳ ಗುಟ್ಟಾಗಿ ಉಳಿದಿಲ್ಲ. 2024ರ ಡಿಸೆಂಬರ್‌ನಲ್ಲಿ ವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ಸಹಿ ಹಾಕಿದ್ದು ಅಂದೇ ಲೋಕಕ್ಕೆ ಗೊತ್ತಾಯಿತು. 2026ರ ಕನಿಷ್ಠ ಸಂಬಳವೇ 7,80,000 ಡಾಲರ್. ಬೌಟನ್ ಬಯಲು ಮಾಡಿದ ಲೆಕ್ಕವನ್ನು ಸಂಘ ಈಗ ತಾನೇ ಇಟ್ಟುಕೊಂಡು, ಮಧ್ಯಸ್ಥಿಕೆಯ ವಿಚಾರಣೆಗಳಲ್ಲಿ ಒಬ್ಬ ಆಟಗಾರನನ್ನು ಇನ್ನೊಬ್ಬನಿಗೆ ಹೋಲಿಸಲು ಬಳಸುತ್ತದೆ. ಎರಡನೆಯದಾಗಿ, ಕ್ಲಬ್‌ಹೌಸ್‌ನ ನಿಷ್ಠೆ ಮಾತ್ರ ಕರಗಿಲ್ಲ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಯಾವ ಎಸೆತ ಬರಲಿದೆಯೆಂದು ಹೇಳುವ ಎದುರಾಳಿಗಳ ಸಂಜ್ಞೆಗಳನ್ನು ಕ್ಯಾಮೆರಾದಲ್ಲಿ ಕದ್ದು, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದದ್ದನ್ನು ಅದೇ ತಂಡದಲ್ಲಿದ್ದ ಮೈಕ್ ಫೈಯರ್ಸ್ 2019ರ ನವೆಂಬರ್‌ನಲ್ಲಿ ಹೆಸರು ಕೊಟ್ಟೇ ಹೇಳಿದರು. ಮ್ಯಾನೇಜರ್, ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು, ಕದ್ದ ಆಟಗಾರರಿಗೆ ಶಿಕ್ಷೆಯಿಂದ ವಿನಾಯಿತಿ ಸಿಕ್ಕಿತು. ಚಾಡಿಕೋರ ಎಂಬ ಬಿರುದು ಮಾತ್ರ ಫೈಯರ್ಸ್‌ಗೆ ಬಂತು. ಕೊಟ್ಟವರಲ್ಲಿ ಡೇವಿಡ್ ಆರ್ಟೀಜ್‌ರಂಥ ಹಿರಿಯರೂ ಇದ್ದರು. ಐವತ್ತು ವರ್ಷಗಳ ಹಿಂದೆ ಬೌಟನ್ ಕೇಳಿದ್ದೂ ಇದನ್ನೇ.

ಮೂರನೆಯ ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮಾತಾಡಬೇಕಾದ ಒತ್ತಡ ಇರುವುದು ಹಣ ಕಡಿಮೆಯಿರುವಲ್ಲಿ, ಹಾಗಾಗಿ ಬಿಚ್ಚುಮಾತಿನ ಬರವಣಿಗೆ ಮೇಲಿನ ಲೀಗ್‌ನಿಂದ ಕೆಳಕ್ಕೆ ಇಳಿಯಿತು. ಡರ್ಕ್ ಹೇಹರ್ಸ್ಟ್ 2010ರಲ್ಲಿ ಬರೆದ ‘ದಿ ಬುಲ್‌ಪೆನ್ ಗಾಸ್ಪೆಲ್ಸ್’ ಮೈನರ್ ಲೀಗ್‌ನ ಬಸ್ ಪ್ರಯಾಣ, ಹಸಿವು, ಆಟವಿಲ್ಲದ ತಿಂಗಳುಗಳಲ್ಲಿ ಅಜ್ಜಿಯ ಮನೆಯ ನೆಲದ ಮೇಲೆ ಮಲಗಿದ್ದನ್ನು ಹೇಳುತ್ತದೆ. 2014ರಲ್ಲಿ ಮೈನರ್ ಲೀಗ್ ಆಟಗಾರರು ಕನಿಷ್ಠ ಕೂಲಿಗಾಗಿ ಹೂಡಿದ ದಾವೆಯ ಹಿಂದಿದ್ದ ವಕೀಲ ಗ್ಯಾರೆಟ್ ಬ್ರೋಶುಯಿಸ್ ಸ್ವತಃ ಮೈನರ್ ಲೀಗ್‌ನ ಹಳೆಯ ಪಿಚರ್. 2022ರಲ್ಲಿ ಅದು 18.5 ಕೋಟಿ ಡಾಲರ್‌ಗೆ ರಾಜಿಯಾಯಿತು, ಅದೇ ವರ್ಷ ಆ ಆಟಗಾರರು ಸಂಘ ಸೇರಿದರು. 2023ರ ಒಪ್ಪಂದದಲ್ಲಿ ಮೈನರ್ ಲೀಗ್‌ನ ಅತಿ ಮೇಲಿನ ಟ್ರಿಪಲ್-ಎ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 17,500ರಿಂದ 35,800 ಡಾಲರ್‌ಗೆ ಏರಿತು. ಮೇಲಿನ ಹಂತ ತಲುಪಿದವರ ಪುಸ್ತಕಗಳಲ್ಲೂ ಆ ನೆನಪು ಉಳಿದಿದೆ. ಆರ್. ಎ. ಡಿಕಿಯ 2012ರ ಆತ್ಮಕಥೆ ಬಾಲ್ಯದಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯವನ್ನು ಹೇಳಿದ ಧೈರ್ಯಕ್ಕಾಗಿ ಹೆಸರಾಯಿತು. ಅದೇ ವರ್ಷ ಅವರು ಮುಂಬೈನ ಕಾಮಾಟಿಪುರದಲ್ಲಿ ಮಾನವ ಸಾಗಣೆಗೆ ಸಿಕ್ಕಿದ ಹೆಣ್ಣುಮಕ್ಕಳ ನೆರವಿನ ಸಂಸ್ಥೆಗೆ ಹಣ ಕೂಡಿಸಲು ಕಿಲಿಮಾಂಜರೊ ಹತ್ತಿದರು, ಗಾಯವಾದರೆ ಒಪ್ಪಂದ ರದ್ದಾಗಬಹುದೆಂದು ಮೆಟ್ಸ್ ಎಚ್ಚರಿಸಿದ್ದರೂ. ಆದರೆ ಅವರ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು 1996ರ ಘಟನೆ. ಟೆಕ್ಸಸ್ ರೇಂಜರ್ಸ್ ಅವರಿಗೆ 8,10,000 ಡಾಲರ್ ಕೊಡಲು ಒಪ್ಪಿತ್ತು. ಪತ್ರಿಕೆಯ ಮುಖಪುಟದ ಚಿತ್ರದಲ್ಲಿ ಅವರ ತೋಳು ವಿಚಿತ್ರವಾಗಿ ತೂಗುತ್ತಿದ್ದದ್ದು ಕಣ್ಣಿಗೆ ಬಿದ್ದು ಪರೀಕ್ಷಿಸಿದಾಗ ಮೊಣಕೈಯಲ್ಲಿ ಒಂದು ಅಸ್ಥಿರಜ್ಜುವೇ ಇಲ್ಲವೆಂದು ತಿಳಿಯಿತು. ಮೊತ್ತ 75,000ಕ್ಕೆ ಇಳಿಯಿತು. ತೋಳು ಅದೇ, ಎಸೆತವೂ ಅದೇ.

ಇನ್ನೂ ಕತ್ತಲಲ್ಲಿರುವ ಲೆಕ್ಕವೆಂದರೆ ಕೆರಿಬಿಯನ್‌ನದು. ಮೇಜರ್ ಲೀಗ್ ಆಟಗಾರರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗೆ ಹುಟ್ಟಿದವರು, ಡೊಮಿನಿಕನ್ ಗಣರಾಜ್ಯದಿಂದಲೇ ಸುಮಾರು ನೂರು ಮಂದಿ. ಈ ಕಡೆಯಿಂದ ಮೊದಲು ದನಿಯೆತ್ತಿದವರು, 1955ರಲ್ಲಿ 200 ಡಾಲರ್‌ಗೆ ಸಹಿ ಹಾಕಿದ್ದ ಫೆಲಿಪೆ ಅಲೋ. ತಾಯ್ನಾಡಿನಲ್ಲಿ ಕ್ಯೂಬನ್ನರೆದುರು ಆಡಿದ್ದಕ್ಕೆ ಕಮಿಷನರ್ 250 ಡಾಲರ್ ದಂಡ ಹಾಕಿದ ಮೇಲೆ, ಲ್ಯಾಟಿನ್ ಆಟಗಾರರಿಗೂ ಹಕ್ಕುಗಳ ಸನ್ನದು ಬೇಕೆಂದು 1963ರ ನವೆಂಬರ್‌ನ ‘ಸ್ಪೋರ್ಟ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅವರನ್ನು ಮಿಲ್ವಾಕಿಗೆ ವರ್ಗಾಯಿಸಿತು. ಇಂದು ಮೂವತ್ತೂ ತಂಡಗಳು ಆ ದ್ವೀಪದಲ್ಲಿ ಅಕಾಡೆಮಿ ನಡೆಸುತ್ತವೆ. ನಿಯಮದ ಪ್ರಕಾರ ಹದಿನಾರಕ್ಕೆ ಸಹಿ. ಬಾಯಿಮಾತಿನ ಒಪ್ಪಂದಗಳು ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲೇ ಆಗುತ್ತವೆಂದು, ತರಬೇತುದಾರ ಮಧ್ಯವರ್ತಿಗಳು ಅದರಲ್ಲಿ ದೊಡ್ಡ ಪಾಲು ಪಡೆಯುತ್ತಾರೆಂದು ವರದಿಗಳು ಬರುತ್ತಲೇ ಇವೆ. ಈ ಹುಡುಗರನ್ನೂ ಸರದಿಯ ಪ್ರಕಾರ ತಂಡಗಳಿಗೆ ಹಂಚುವ ಡ್ರಾಫ್ಟ್ ಪದ್ಧತಿಯನ್ನು ಲೀಗ್ ಮುಂದಿಟ್ಟಾಗ 2022ರ ಜುಲೈನಲ್ಲಿ ಸಂಘ ತಿರಸ್ಕರಿಸಿತು. ಈಗಿನ ಸಾಮೂಹಿಕ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಸಂಬಳದ ಮಿತಿಯ ಜೊತೆಗೆ ಈ ಪ್ರಸ್ತಾಪವೂ ಮೇಜಿಗೆ ಮರಳುವ ಸಾಧ್ಯತೆ ಹೆಚ್ಚು, ಆದರೆ ಇನ್ನೂ ಸಹಿ ಹಾಕದ ಆ ಹುಡುಗರು ಸಂಘದ ಸದಸ್ಯರಲ್ಲ, ಅವರಿಗೆ ಅದರಲ್ಲಿ ಮತವೂ ಇಲ್ಲ.